ಗುಡ್ಡದ ಮೇಲೆ ಬಾಯಿ ಮುಚ್ಚಿಕೊಂಡ ರಜಾ ದಿನ

ಕುರಿ ಕಾಯುವವನಿಗೆ ವಾರಕ್ಕೊಂದು ರಜೆ ಎಂದರೆ ನಮ್ಮ ಕಡೆ ಜನ ನಗುತ್ತಾರೆ. ಕುರಿಗೆ ರವಿವಾರ ಗೊತ್ತೇನು ಎಂದು ಕೇಳುತ್ತಾರೆ. ಆದರೂ ಆ ಹಂಗಾಮಿನಲ್ಲಿ ನಾನು ಹಟ ಹಿಡಿದು ರಜೆ ಗಿಟ್ಟಿಸಿಕೊಂಡಿದ್ದೆ. ಶಹಾಪುರದ ಗುಡ್ಡಗಳ ಬುಡದಲ್ಲಿ ಒಂದು ಕುರಿ ಫಾರಂ. ದೀಪಾವಳಿಯಿಂದ ಯುಗಾದಿಯವರೆಗೆ ನನಗೆ ಅಲ್ಲಿ ಕೆಲಸ. ನೂರರ ಮೇಲೆ ಕುರಿ, ಅವುಗಳ ನಡುವೆ ಬೆರಳೆಣಿಕೆಯಷ್ಟು ಆಡು, ಎಲ್ಲದರ ಮುಂದೆ ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಒಂದು ಕರಿ ಹೋತ. ವಾರವೆಲ್ಲ ನಾನು ನೋಡುವುದು ಕುರಿಗಳ ಬೆನ್ನು ಮತ್ತು ಅವು ಎಬ್ಬಿಸುವ ಧೂಳು. ಒಂದು ದಿನವಾದರೂ ಎತ್ತರಕ್ಕೆ ಹೋಗಿ ದೂರ ನೋಡದಿದ್ದರೆ ತಲೆ ಕೆಟ್ಟುಹೋಗುತ್ತಿತ್ತು.

ಹಾಗಾಗಿ ರಜೆ ಬಂದರೆ ಸಾಕು, ಬುತ್ತಿ ಕಟ್ಟಿಕೊಂಡು ಗುಡ್ಡ ಹುಡುಕಿಕೊಂಡು ಹೋಗುತ್ತಿದ್ದೆ. ಒಂದು ಸಲ ಯಾದಗಿರಿಯ ಕೋಟೆ ಹತ್ತಿ, ಬಿಸಿಲಿಗೆ ಕಾದ ಕಬ್ಬಿಣದ ತೋಪಿನ ಮೇಲೆ ಕೈಯಿಟ್ಟು ಚುರುಕ್ಕೆನಿಸಿಕೊಂಡು ಬಂದೆ. ಇನ್ನೊಂದು ಸಲ ಗುರುಮಠಕಲ್ ಕಡೆ ಜಲಪಾತ ನೋಡಲು ಹೋದರೆ ಅಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಿತ್ತು. ಚಹಾ ಅಂಗಡಿಯವರು ಗುಡ್ಡದ ಮೇಲೆ ಏನು ಕೆಲಸ ಎಂದು ಕೇಳಿದರೆ ಹರಕೆ ಇದೆ ಎಂದು ಸುಳ್ಳು ಹೇಳುತ್ತಿದ್ದೆ. ಸುಮ್ಮನೆ ನೋಡಲು ಹತ್ತುತ್ತೇನೆ ಎಂದರೆ ಹುಚ್ಚ ಅನ್ನುತ್ತಾರೆ. ಹರಕೆ ಎಂದರೆ ಮರುಮಾತಿಲ್ಲ.

ಆ ದಿನಗಳಲ್ಲಿ ಹಿಂಡು ಫಾರಮ್ಮಿನ ಒಳಗೇ ಒಣ ಮೇವು ತಿಂದುಕೊಂಡು ಇರುತ್ತಿತ್ತು. ಆದರೆ ಪ್ರತಿ ವಾರ ನಾನು ಗುಡ್ಡ ಹತ್ತಬೇಕಾದರೆ ಹಿಂಡಿನ ಜೊತೆ ಯಾರಾದರೂ ಇರಬೇಕಲ್ಲ. ಹಾಗೆ ಬಂದವಳು ಅಕ್ಕ. ಒಡಹುಟ್ಟಿದವಳಲ್ಲ, ಕಕ್ಕೇರಾದ ಹೆಣ್ಣುಮಗಳು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಹುಟ್ಟಿದ್ದೇ ಕುರಿ ಹಿಂಡಿನ ನಡುವೆ. ಆದರೆ ತಂದೆ ತೀರಿಕೊಂಡ ಮೇಲೆ ಹಿಂಡು ಅಣ್ಣತಮ್ಮಂದಿರ ಪಾಲಾಯಿತು, ಇವಳ ಪಾಲಿಗೆ ಹತ್ತಿ ಬಿಡಿಸುವ ಕೂಲಿ ಉಳಿಯಿತು. ಬಗ್ಗಿ ಬಗ್ಗಿ ನಡ ಹೋಗಿದೆ, ನೆಟ್ಟಗೆ ನಿಂತು ಮಾಡುವ ಕೆಲಸ ಇದ್ದರೆ ಹೇಳು ತಮ್ಮಾ ಎಂದು ಕೇಳಿದ್ದಳು. ನಾನು ಮಾಲೀಕರ ಮುಂದೆ ಅವಳ ಮಾತು ಎತ್ತಿದೆ.

ಮಾಲೀಕರು ಶಹಾಪುರದ ಹಳೆಯ ವ್ಯಾಪಾರಸ್ಥರು. ನಾವೆಲ್ಲ ಅವರಿಗೆ ಸಾಬ್ರು ಎನ್ನುತ್ತಿದ್ದೆವು. ಒಳ್ಳೆಯವರೇ, ಆದರೆ ಅವರ ಮಾತು ಕಲ್ಲಿನ ಮೇಲೆ ಕೊರೆದ ಹಾಗೆ. ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದರು.

"ಹೆಣ್ಮಗಳ ಕೈಗೆ ಹಿಂಡು ಕೊಟ್ಟವರನ್ನ ನಾ ನೋಡಿಲ್ಲ. ನೀ ಹೇಳ್ತಿ ಅಂತ ಕೊಡಾಕತ್ತೇನಿ. ಒಂದು ಕುರಿದು ಕಾಲು ಮುರದ್ರೂ ಅವತ್ತೇ ಆಕಿ ಕೆಲಸ ಬಂದ್."

ಅಕ್ಕ ತಲೆಯಾಡಿಸಿದಳು. ಒಂದು ತಿಂಗಳು ನನ್ನ ಜೊತೆಗೇ ತಿರುಗಿದಳು. ನಾನು ಹಿಂಡಿನ ಮುಂದೆ, ಅವಳು ಹಿಂದೆ. ಕಸ ಬಳಿಯುವುದು, ಮರಿಗಳಿಗೆ ಹಾಲೂಡಿಸುವುದು, ಸಂಜೆ ತೊಟ್ಟಿಗೆ ನೀರು ತುಂಬಿಸುವುದು ಎಲ್ಲ ಅವಳದೇ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಆದರೆ ಕೂಗಿ ಕರೆದರೆ ಕುರಿಗಳು ತಿರುಗಿಯೂ ನೋಡುತ್ತಿರಲಿಲ್ಲ. ಕುರಿ ಒಂದು ದನಿಗೆ ಒಗ್ಗಿಬಿಟ್ಟರೆ ಬೇರೆಯವರು ಗಂಟಲು ಹರಿದುಕೊಂಡರೂ ಅಷ್ಟೇ. ಅವು ಒಗ್ಗಿದ್ದು ನನ್ನ ದನಿಗೆ. "ಹೋ... ಓಯ್... ಹುರ್ರ್ರ್" ಎಂದು ನಾನು ಎಳೆದರೆ ಮುಳ್ಳುಬೇಲಿ ಹಾರಿಯಾದರೂ ಬರುತ್ತಿದ್ದವು. ನನಗೆ ಅದರ ಮೇಲೆ ಒಳಗೊಳಗೇ ಜಂಬವೂ ಇತ್ತು.

ಅಕ್ಕನ ಕೈಗೆ ಇಡೀ ಹಿಂಡು ಒಪ್ಪಿಸಿದ ಮೊದಲ ದಿನ ನಾನು ದೂರ ಹೋಗುವ ಧೈರ್ಯ ಮಾಡಲಿಲ್ಲ. ಫಾರಮ್ಮಿನ ಹಿಂದಿನ ಗುಡ್ಡವನ್ನೇ ಹತ್ತೋಣ, ಹೆಚ್ಚುಕಡಿಮೆಯಾದರೆ ಇಳಿದು ಬರಬಹುದು ಎಂದುಕೊಂಡೆ. ಹಿಂಡು ಕಾಲುವೆಯ ಆಚೆ, ತೊಗರಿ ರಾಶಿಯಾದ ಹೊಲದಲ್ಲಿ ಮೇಯಬೇಕು, ನಡು ಮಧ್ಯಾಹ್ನಕ್ಕೆ ತೊಟ್ಟಿಗೆ ಬರಬೇಕು ಎಂದು ಮಾತಾಗಿತ್ತು. ಆ ಹೊಲ ಗುಡ್ಡದಿಂದ ಸಾಕಷ್ಟು ದೂರ. ಹೊರಡುವಾಗ ನಾನು ಅದನ್ನೇ ಮತ್ತೆ ಮತ್ತೆ ಹೇಳಿದೆ. ನನ್ನನ್ನು ದಬ್ಬುವುದೊಂದು ಬಾಕಿ, ಅಷ್ಟು ಬೇಸರ ಅವಳ ಮುಖದಲ್ಲಿತ್ತು.

ಗುಡ್ಡ ಹತ್ತುವುದು ಕಷ್ಟವೇನಲ್ಲ, ದಾರಿ ತಿಳಿದಿರಬೇಕು ಅಷ್ಟೇ. ಕೆಳಗೆ ಮೊರಮು ಮಣ್ಣಿನ ಇಳಿಜಾರು, ನಡುವೆ ಕುರುಚಲು ಗಿಡ, ಅದರ ಮೇಲೆ ನುಣ್ಣನೆಯ ಹಾಸುಬಂಡೆ. ಹಾಸುಬಂಡೆಯ ಒಂದು ಬದಿಗೆ ಕಂದರ. ಕಂದರದ ತಳದಲ್ಲಿ ಆನೆ ಗಾತ್ರದ ಗುಂಡುಕಲ್ಲುಗಳು ಒಂದರ ಮೇಲೊಂದು ಬಿದ್ದಿವೆ. ಬಂಡೆಯ ಇನ್ನೊಂದು ಬದಿಗೆ ಮನುಷ್ಯ ಕೈಕಾಲು ಊರಿ ಹತ್ತುವಂಥ ಒಂದು ಸೀಳಿದೆ. ನಾನು ಅಲ್ಲಿಂದ ಹತ್ತಿ ತುದಿ ಮುಟ್ಟಿದೆ. ಒಂದು ಕಡೆ ಭತ್ತದ ಗದ್ದೆ, ಒಂದು ಕಡೆ ಮೆಣಸಿನಕಾಯಿ ಹೊಲ, ನಡುವೆ ಕಾಲುವೆಯ ನೀರು ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಗಾಳಿ ತಣ್ಣಗೆ ಬೀಸುತ್ತಿತ್ತು. ಎಷ್ಟು ಖುಷಿಯಾಯಿತೆಂದರೆ ಕೂಗಬೇಕೆನಿಸಿತು.

ಬೇರೆಯವರಾಗಿದ್ದರೆ ತಮ್ಮ ಹೆಸರನ್ನೋ ಹೆಂಡತಿಯ ಹೆಸರನ್ನೋ ಕೂಗುತ್ತಿದ್ದರು. ನನಗೆ ಬರುವ ಕೂಗು ಒಂದೇ. "ಹೋ... ಓಯ್... ಹುರ್ರ್ರ್" ಎಂದೆ. ಎದುರಿನ ಬಂಡೆ ಅದನ್ನೇ ತಿರುಗಿಸಿ ಹೇಳಿತು. ಮಜಾ ಬಂತು. ಇನ್ನೊಂದು ಸಲ ಕೂಗಿದೆ, ಮತ್ತೊಂದು ಸಲವೂ.

ಮೂರನೆಯ ಕೂಗಿನ ಬೆನ್ನಿಗೇ ಗಂಟೆಯ ಸದ್ದು ಕೇಳಿತು. ಮೊದಲು ಯಾರದೋ ದನ ಎಂದುಕೊಂಡೆ. ಆಮೇಲೆ ಗುರುತು ಸಿಕ್ಕಿತು. ಆ ಗಂಟೆಯ ದನಿ ನನಗೆ ನಿದ್ದೆಯಲ್ಲೂ ಗೊತ್ತು. ಬಂಡೆಯ ಅಂಚಿಗೆ ಬಂದು ಬಗ್ಗಿ ನೋಡಿದರೆ ಕರಿ ಹೋತ ಹಾಸುಬಂಡೆಯ ಬುಡಕ್ಕೆ ಬಂದು ನಿಂತು ಮೇಲೆ ನೋಡುತ್ತಿದೆ. ಅದರ ಹಿಂದೆ ಆಡುಗಳು. ಅವುಗಳ ಹಿಂದೆ ಕುರುಚಲನ್ನು ಸೀಳಿಕೊಂಡು ಇಡೀ ಹಿಂಡು ಏರಿ ಬರುತ್ತಿದೆ. ಇನ್ನೂ ಕೆಳಗೆ, ಕೋಲು ಹಿಡಿದು ಏದುಸಿರು ಬಿಡುತ್ತ ಅಕ್ಕ.

ಆದದ್ದು ಇಷ್ಟು, ಆಮೇಲೆ ಅಕ್ಕನೇ ಹೇಳಿದಳು. ತೊಗರಿ ಹೊಲದ ಪಕ್ಕದವರು ಮೆಣಸಿನಕಾಯಿಗೆ ಎಣ್ಣೆ ಹೊಡೆಯಲು ಶುರು ಮಾಡಿದ್ದರು. ಗಾಳಿ ಈ ಕಡೆಗೇ ಇತ್ತು. ಔಷಧಿ ಬಿದ್ದ ಹುಲ್ಲು ತಿಂದರೆ ಹಿಂಡು ಉಳಿಯುವುದಿಲ್ಲ. ಅವಳು ಹಿಂದೆಮುಂದೆ ನೋಡದೆ ಹಿಂಡನ್ನು ಎಬ್ಬಿಸಿ ಗುಡ್ಡದ ಬುಡಕ್ಕೆ ತಂದಿದ್ದಳು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವಳ ಫೋನು ಫಾರಮ್ಮಿನಲ್ಲಿ ಚಾರ್ಜಿಗೆ ಬಿದ್ದಿತ್ತು.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಎಂದರೆ ಅವುಗಳನ್ನು ತಡೆಯಲು ಸೀಳಿನ ದಾರಿಯಲ್ಲಿ ಇಳಿದದ್ದು. ನಾನು ಕಂಡದ್ದೇ ತಡ, ಹೋತ ಒಂದೇ ನೆಗೆತಕ್ಕೆ ಹಾಸುಬಂಡೆ ಏರಿತು. ಆಡುಗಳು ಸರಸರ ಏರಿದವು. ಆಡಿಗೇನು, ಗೋಡೆಯ ಮೇಲೂ ನಡೆದೀತು. ಅದನ್ನು ನೋಡಿ ಕುರಿಗಳೂ ಕಾಲಿಟ್ಟವು. ಮುಂದಿನವು ಜಾರಿ ಅಲ್ಲೇ ಗಟ್ಟಿಯಾಗಿ ನಿಂತವು, ಹಿಂದಿನವು ಅವುಗಳನ್ನು ತಳ್ಳಿದವು. ಅಂಚಿನ ಕಡೆ, ಕಂದರಕ್ಕೆ ಒಂದು ಮಾರು ದೂರದಲ್ಲಿ ಒಂದು ಗಬ್ಬದ ಕುರಿ ನಿಂತಿತ್ತು. ಇವತ್ತೋ ನಾಳೆಯೋ ಈಯುವಂಥದ್ದು. ಅದರ ಕಾಲು ನಡುಗುವುದು ನನಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು. ಒಂದು ಕುರಿಯ ಕಾಲು ಮುರಿದರೂ ಆಕೆಯ ಕೆಲಸ ಬಂದ್ ಎಂದಿದ್ದರು ಸಾಬ್ರು. ಇಲ್ಲಿ ನೋಡಿದರೆ ಹಿಂಡಿಗೆ ಹಿಂಡೇ ಕಂದರದ ಬಾಯಿಯಲ್ಲಿತ್ತು.

ಅಷ್ಟರಲ್ಲಿ ಅಕ್ಕ ಹಿಂಡಿನ ಹಿಂಭಾಗಕ್ಕೆ ಬಂದು ಕೋಲು ಬೀಸಿದಳು. ಕುರಿ ಕೋಲಿನಿಂದ ದೂರ ಓಡುತ್ತದೆ. ಅವಳು ಕೆಳಗಿದ್ದಳು, ಹಾಗಾಗಿ ಅವು ಇನ್ನೂ ಮೇಲಕ್ಕೆ ಒತ್ತಿದವು. ನಾನು ಕೆಳಗಿಳಿದರೆ ನನ್ನನ್ನು ಕಂಡು ಮೇಲೆ ಬರುತ್ತವೆ, ಅವಳು ಅಟ್ಟಿದರೆ ಅವಳಿಗೆ ಹೆದರಿ ಮೇಲೆ ಬರುತ್ತವೆ. ನಾವಿಬ್ಬರೂ ಸೇರಿ ಅವುಗಳನ್ನು ಬೀಳಿಸಲು ನಿಂತಂತಿತ್ತು.

"ಏನ್ ಮಾಡ್ಲೋ ತಮ್ಮಾ, ಹೇಳೋ" ಎಂದು ಅಕ್ಕ ಕೆಳಗಿನಿಂದ ಕೂಗಿದಳು. ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ನಾನು ಏನೇ ಅಂದರೂ ಕುರಿಗಳ ಕಿವಿಗೆ ಬೀಳುವುದು ನನ್ನ ದನಿ. ಅವಳು ಮತ್ತೆ ಮತ್ತೆ ಕೇಳಿದಳು. ನಾನು ಮೂಗನ ಹಾಗೆ ನಿಂತಿದ್ದೆ. ಅವಳ ದನಿಯಲ್ಲಿ ಅಳು ಬಂತು, ಆಮೇಲೆ ಸಿಟ್ಟು ಬಂತು. ಬೈದಳು. ಬೈದದ್ದು ಸರಿಯಾಗಿಯೇ ಇತ್ತು.

ಒಂದು ದಾರಿ ಹೊಳೆಯಿತು. ಎಲ್ಲವನ್ನೂ ಕರೆದು ಮೇಲಕ್ಕೇ ಹತ್ತಿಸಿಬಿಟ್ಟರೆ ಆಚೆ ಬದಿಗೆ ಗುಡ್ಡದ ಗುಡಿಗೆ ಹತ್ತಿ ಬರುವ ಮೆಟ್ಟಿಲುಗಳಿವೆ, ಅಲ್ಲಿಂದ ಇಳಿಸಬಹುದು. ಒಂದು ಗಳಿಗೆ ಅದೇ ಸರಿ ಎನಿಸಿತು. ಆದರೆ ಗಬ್ಬದ ಕುರಿಯನ್ನು ನೋಡಿದೆ. ಇನ್ನೊಂದು ಹೆಜ್ಜೆ ಮೇಲಿಟ್ಟರೆ ಅದು ಉಳಿಯುವುದಿಲ್ಲ. ಅದು ಬಿದ್ದರೆ ಅದರ ಬೆನ್ನಿಗೆ ನಾಲ್ಕಾರು ಬೀಳುತ್ತವೆ. ಅವು ಇಳಿಯಬೇಕು, ಬೇರೆ ಮಾತೇ ಇಲ್ಲ. ಇಳಿಯಬೇಕೆಂದರೆ ನಾನು ಇಲ್ಲಿ ಇರಬಾರದು.

ಹೆಗಲ ಮೇಲಿನ ಕೆಂಪು ವಲ್ಲಿ ಬಟ್ಟೆಯನ್ನು ಬೀಸಿದೆ. ಅಕ್ಕ ತಲೆಯೆತ್ತಿದಳು. ಕೋಲು ಕೆಳಗೆ ಹಾಕುವಂತೆ ಸನ್ನೆ ಮಾಡಿದೆ. ಅವಳನ್ನು ತೋರಿಸಿ, ಬೆನ್ನು ತಿರುಗಿಸಿ ನಡೆದು ತೋರಿಸಿದೆ. ಬಾಯಿಯ ಮುಂದೆ ಕೈ ಹಿಡಿದು, ಕೂಗು, ನೀನು ಕೂಗು ಎಂದು ತೋರಿಸಿದೆ. ಹಿಂಡನ್ನು ಬಂಡೆಯ ಮೇಲೆ ಬಿಟ್ಟು ಬೆನ್ನು ತೋರಿಸಿ ಹೋಗು ಅನ್ನುವುದು ಕಾಯುವವರಿಗೆ ಹೇಳುವ ಮಾತೇ ಅಲ್ಲ. ಅವಳು ಸುಮಾರು ಹೊತ್ತು ನನ್ನನ್ನೇ ನೋಡಿದಳು. ಕಡೆಗೆ ಕೋಲು ಬಿಸಾಡಿದಳು. ನಾನು ತೆವಳಿಕೊಂಡು ಹಿಂದೆ ಸರಿದು, ಗಾಳಿಗೆ ನನ್ನ ವಾಸನೆಯೂ ಸಿಗದಂಥ ಒಂದು ಗುಂಡುಕಲ್ಲಿನ ಹಿಂದೆ ಮಲಗಿಬಿಟ್ಟೆ.

ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಮೈಯೆಲ್ಲ ಕಿವಿಯಾಗಿ ಬಿದ್ದಿದ್ದೆ. ಮೊದಲು ಅಕ್ಕ ನನ್ನ ಕೂಗನ್ನೇ ಅನುಕರಿಸಿದಳು. ಬಂಡೆ ಅದನ್ನು ಹಿಡಿದು ನನ್ನ ತಲೆಯ ಮೇಲಿನಿಂದ ತಿರುಗಿಸಿ ಎಸೆಯಿತು. ಕುರಿಗಳಿಗೆ ಕೂಗು ಮೇಲಿನಿಂದಲೇ ಬಂದಂತೆ ಕೇಳಿರಬೇಕು, ಗಂಟೆ ಇನ್ನಷ್ಟು ಹತ್ತಿರ ಬಂತು. ಹೋತ ಹತ್ತಿರ ಬಂದರೆ ಹಿಂಡೂ ಬರುತ್ತದೆ. ಎದ್ದು ನಿಂತು ಬೇಡ ಎಂದು ಕೂಗಬೇಕೆನಿಸಿತು. ವಲ್ಲಿಯನ್ನು ಬಾಯಿಗೆ ತುರುಕಿಕೊಂಡೆ, ನಗಬೇಡಿ. ಇಪ್ಪತ್ತು ವರ್ಷದ ಅಭ್ಯಾಸ, ಗಂಟಲಿನಿಂದ ತಾನೇ ಹೊರಗೆ ಬಂದುಬಿಡುತ್ತದೆ.

ಅಕ್ಕನ ಕೂಗು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಬಿಟ್ಟು ಹೋದಳೋ, ಕೂತು ಅಳುತ್ತಿದ್ದಾಳೋ, ಏನೆಂದು ತಿಳಿಯುವುದು? ಬಿಸಿಲು ಏರಿತ್ತು. ಬಂಡೆ ಕಾದು ಬೆನ್ನು ಸುಡುತ್ತಿತ್ತು. ನನಗೇ ಇಷ್ಟು ನೀರಡಿಕೆಯಾಗಿದ್ದರೆ ಕುರಿಗಳ ಗತಿ ಏನು ಎಂದುಕೊಂಡೆ.

ಆಗ ಬಹಳ ದೂರದಿಂದ, ಬಯಲಿನ ನಡುವಿನಿಂದ, ಬೇರೊಂದು ಕೂಗು ಬಂತು. ಬಂಡೆ ತಿರುಗಿಸಿ ಹೇಳಲಾರದಷ್ಟು ದೂರ ನಡೆದುಹೋಗಿದ್ದಳು ಅಕ್ಕ. "ಬಾ... ಬಾ... ಬಾರಽ" ಎಂದು ಎಳೆದು ಎಳೆದು, ಅವಸರವಿಲ್ಲದ ದನಿ. ಅದು ಸಂಜೆ ತೊಟ್ಟಿಗೆ ನೀರು ಬಿಡುವಾಗ ಅವಳು ತನ್ನಷ್ಟಕ್ಕೆ ಅನ್ನುತ್ತಿದ್ದ ಕೂಗು, ಅವಳ ಅಪ್ಪನದಂತೆ. ದಿನಾ ಕೇಳಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಕುರಿಗಳು ಹಾಕಿಕೊಂಡಿದ್ದವು.

ಗಂಟೆ ಒಮ್ಮೆ ಅಲುಗಿತು, ನಿಂತಿತು. ಮತ್ತೆ ಅಲುಗಿತು. ಈ ಸಲ ಸದ್ದು ಕೆಳಕ್ಕೆ ಹೋಗುತ್ತಿತ್ತು. ಹಿಂದೆಯೇ ಗೊರಸುಗಳು ಬಂಡೆಯನ್ನು ಕೆರೆಯುವ ಸದ್ದು, ಸಣ್ಣ ಕಲ್ಲುಗಳು ಉರುಳುವ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಧಡ್ ಎಂದು ಏನೋ ಬಿತ್ತು. ಒಂದು ಕುರಿ ಒಮ್ಮೆಯೇ ಅರಚಿತು, ಆಮೇಲೆ ಸುಮ್ಮನಾಯಿತು.

ತಲೆ ಹೊರಗೆ ಹಾಕಿ ನೋಡಲೇ? ನೋಡಿದರೆ, ಇಳಿಯುತ್ತಿರುವವು ನನ್ನನ್ನು ಕಂಡು ತಿರುಗಿದರೆ? ನೋಡಲಿಲ್ಲ. ಆ ದಿನ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ. ಗಂಟೆ ಪೂರ್ತಿ ಕೇಳಿಸದಂತಾದ ಮೇಲೂ ಆ ಬದಿಗೆ ಇಳಿಯುವ ಧೈರ್ಯ ಬರಲಿಲ್ಲ. ತುದಿಗೆ ಹತ್ತಿ, ಆಚೆ ಬದಿಯ ಗುಡಿಯ ಮೆಟ್ಟಿಲು ಇಳಿದು, ಗುಡ್ಡವನ್ನೇ ಸುತ್ತು ಹಾಕಿ ರಸ್ತೆಗುಂಟ ನಡೆದೆ.

ಆ ದಾರಿ ಮುಗಿಯುವಂತೆಯೇ ಇರಲಿಲ್ಲ. ಬಿದ್ದದ್ದು ಯಾವುದು? ಒಂದೇ ಬಿತ್ತೋ, ಆಮೇಲೂ ಬಿದ್ದವೋ? ಎರಡು ಸಲ ಅಕ್ಕನ ಫೋನಿಗೆ ಹಚ್ಚಿದೆ, ಯಾರೂ ಎತ್ತಲಿಲ್ಲ. ಎದುರಿಗೆ ಬಂದ ಟಂಟಂ ಆಟೋದವನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ಹರಕೆ ಎನ್ನಲೂ ನಾಲಿಗೆ ಏಳಲಿಲ್ಲ. ನಡೆಯುತ್ತ ನಡೆಯುತ್ತ ಆಣೆ ಹಾಕಿಕೊಂಡೆ. ಇನ್ನು ರಜೆಯೂ ಬೇಡ, ಗುಡ್ಡವೂ ಬೇಡ, ಕುರಿಯ ಬೆನ್ನು ನೋಡುತ್ತಲೇ ಸಾಯುತ್ತೇನೆ.

ಫಾರಂ ಕಾಣುವಷ್ಟರಲ್ಲಿ ಹೊತ್ತು ಇಳಿದಿತ್ತು. ಗೇಟಿನ ಪಕ್ಕದಲ್ಲಿ ಸಾಬ್ರ ಬೈಕು ನಿಂತಿತ್ತು. ಅಕ್ಕ ಬಾಗಿಲಲ್ಲಿ ನಿಂತು ಕುರಿಗಳನ್ನು ಎರಡೆರಡಾಗಿ ಒಳಗೆ ಬಿಡುತ್ತ ಎಣಿಸಲು ಆಗತಾನೇ ಶುರು ಮಾಡಿದ್ದಳು. ಸಾಬ್ರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಹತ್ತಿರ ಹೋದರೆ ಕುರಿಗಳು ನನ್ನ ಕಡೆ ನುಗ್ಗಿ ಎಣಿಕೆ ಕೆಡುತ್ತದೆ, ಅದಕ್ಕೆ ಬೇವಿನ ಮರದ ಹಿಂದೆಯೇ ನಿಂತು ನಾನೂ ಎಣಿಸಿದೆ. ಬಾಗಿಲು ಮುಚ್ಚಿತು. ನನ್ನ ಎಣಿಕೆಗೆ ಒಂದು ಕಡಿಮೆ ಬಂತು.

ಆ ಒಂದು ಒಳಗೆ, ಗೋಡೆಯ ನೆರಳಿನಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಗಬ್ಬದ ಕುರಿ. ಹಿಂಗಾಲಿಗೆ ಹತ್ತಿ ಕಟ್ಟಿಗೆಯ ಎರಡು ಸೀಳು ಇಟ್ಟು, ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿತ್ತು. ಹೊಟ್ಟೆ ಮುಟ್ಟಿ ನೋಡಿದೆ, ಒಳಗೆ ಮರಿ ಮಿಸುಕಿತು. ಕಂದರದ ಕಡೆಗಲ್ಲ, ಇಳಿಯುವ ಬದಿಗೆ ಜಾರಿ ಬಿದ್ದಿತ್ತಂತೆ. ಅಕ್ಕ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದಳು, ಆ ನಡ ಹೋದವಳು.

ಉಳಿದವೆಲ್ಲ ನೆಟ್ಟಗಿದ್ದವು. ಆದರೆ ಸಾಬ್ರು ಹೇಳಿದ್ದು ಒಂದು ಕಾಲು ಎಂದೇ. ಅವರು ಬಾಯಿ ತೆರೆಯುವ ಮೊದಲೇ ನಾನು ಅವರ ಮುಂದೆ ಹೋಗಿ ನಿಂತೆ. ಗುಡ್ಡದ ಮೇಲಿನಿಂದ ಕರೆದವನು ನಾನು, ಕೆಳಗಿಳಿಸಿದವಳು ಅಕ್ಕ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಅಲ್ಲಿಯವರೆಗೆ ನನ್ನ ಹೆಸರನ್ನೂ ಎತ್ತಿರಲಿಲ್ಲ. ಕುರಿ ಜಾರಿತು ಎಂದಷ್ಟೇ ಹೇಳಿದ್ದಳು.

ಸಾಬ್ರು ಬಗ್ಗಿ ಕಟ್ಟು ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಎದ್ದು ನನ್ನ ಕಡೆ ತಿರುಗಿದರು.

"ರಜಾ ಇದ್ದಾವ ಕುರಿ ಕರೀತಾನಂದ್ರ ಅವಗ ರಜಾ ಯಾಕ ಬೇಕು? ಇನ್ನ ರಜಾ ಇಲ್ಲ. ಇಬ್ಬರೂ ಕೂಡೇ ಕಾಯ್ರಿ. ಆಕಿನೂ ಇರ್ಲಿ."

ನನಗೆ ಕಾಲಿಗೆ ಬೀಳಬೇಕೆನಿಸಿತು. ಅಕ್ಕನ ಕೆಲಸ ಉಳಿದಿತ್ತು. ರಜೆಯ ಆಣೆಯನ್ನು ನಾನು ದಾರಿಯಲ್ಲೇ ಹಾಕಿಕೊಂಡಿದ್ದೆ, ಸಾಬ್ರು ಹೇಳಿದ್ದು ಅದನ್ನೇ. ಆಗಲಿ ಎಂದು ತಲೆಯಾಡಿಸಿದೆ.

"ಬ್ಯಾಡ್ರಿ ಸಾಬ್ರ" ಎಂದಳು ಅಕ್ಕ.

ನಾನು ಕಣ್ಣಲ್ಲೇ ಸುಮ್ಮನಿರು ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಇವ ಎದುರಿಗೆ ಇದ್ರ ಅವು ನನ್ನ ಮಾರಿ ಸುದ್ದಾ ನೋಡಂಗಿಲ್ರಿ. ತಿಂಗಳಾತು, ಇವನ ಹಿಂದ ಹಿಕ್ಕಿ ಬಳಕೋಂತ ಅಡ್ಡಾಡೀನಿ. ಇವತ್ತ ಇವ ಸುಮ್ಮನಾದ, ಅವಕ ನಾ ಕಂಡೆ. ಇವನ ರಜಾ ಕಸಗೊಂಡ್ರ ನನ್ನ ಕೆಲಸ ಕಸಗೊಂಡಂಗ್ರಿ."

ಸಾಬ್ರು ಹಿಂಡನ್ನೊಮ್ಮೆ ನೋಡಿದರು, ಅವಳ ಹರಿದ ಸೀರೆಯ ಅಂಚನ್ನೊಮ್ಮೆ ನೋಡಿದರು. ನಾಳೆ ಕುರಿ ಡಾಕ್ಟರನ್ನು ಕಳಿಸುತ್ತೇನೆ ಎಂದು ಬೈಕು ಹತ್ತಿದರು. ಗೇಟು ದಾಟುವಾಗ, ರಜೆಯ ಮಾತು ಮೊದಲಿನಂತೆಯೇ ಇರಲಿ ಎಂದು ತಿರುಗದೆಯೇ ಹೇಳಿ ಹೋದರು.

ನನಗೆ ಸಮಾಧಾನವೂ ಆಯಿತು, ಎಲ್ಲೋ ಚುರುಕ್ಕೆಂದೂ ಅನಿಸಿತು. ನಾನಿಲ್ಲದಿದ್ದರೇ ಚಂದ ಎಂದು ಮುಖದ ಮೇಲೆ ಹೇಳಿಸಿಕೊಂಡರೆ ಯಾರಿಗಾದರೂ ಅನಿಸುತ್ತದೆ. ಅಕ್ಕನಿಗೆ ತಪ್ಪಾಯಿತು ಎನ್ನೋಣವೆಂದು ಹತ್ತಿರ ಹೋದೆ. ಅವಳು ಗಬ್ಬದ ಕುರಿಯ ಬಾಯಿಗೆ ತೊಗರಿ ಹೊಟ್ಟು ಹಿಡಿದು ಕೂತಿದ್ದಳು. ನಾನು ಮಾತು ಶುರು ಮಾಡುವ ಮೊದಲೇ ಕೈಯೆತ್ತಿ ತಡೆದಳು.

"ಅದೆಲ್ಲ ಇರ್ಲಿ ತಮ್ಮಾ. ಮುಂದಿನ ವಾರ ಸುರಪುರಕ್ಕ ಹೋಗು. ಅಲ್ಲಿ ಗುಡ್ಡ ದೊಡ್ಡವು ಅವ, ಎಷ್ಟ ಬೇಕಾದ್ರೂ ಕೂಗು. ಈ ಗುಡ್ಡ ನನಗ ಬಿಡು."